ಜನರಲ್ ಮಲಗಿದ ಮಂಚ

ಲೋಳೆಸರದ ಗಿಡಕ್ಕೆ ಕೆಂಪು ಟೇಪು ಕಟ್ಟಿ ತೊಲೆಗೆ ತೂಗುಹಾಕಿದರೆ ಮನೆಗೆ ಬರುವ ಪೀಡೆ ಬಾಗಿಲಿನಿಂದಲೇ ಹಿಂದಿರುಗುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ತೂಗುಹಾಕುವವನು ಯಾವುದರ ಮೇಲೆ ಹತ್ತಿ ನಿಲ್ಲಬೇಕು ಎಂಬುದನ್ನು ಹಿರಿಯರು ಹೇಳಿಹೋಗಿಲ್ಲ. ಏಣಿಯ ಮೇಲೆ ಎನ್ನಬಹುದು. ರೊಸೆಂದೊ ಫರಿನಾಂಗೊನ ಏಣಿ ಮೂರು ವಾರದಿಂದ ಬಡಗಿ ಎಲಿಯಾಸನ ಮನೆಯಲ್ಲಿತ್ತು. ಎಲಿಯಾಸ್ ಅವನ ಮಗಳ ನಾಮಕರಣಕ್ಕೆ ಧರ್ಮಪಿತನಾಗಿ ನಿಂತವನು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ‘ಕುಂಪಾ’. ಕುಂಪಾಗೆ ಕೊಟ್ಟ ವಸ್ತುವನ್ನು ವಾಪಸು ಕೇಳುವ ವಾಡಿಕೆ ನಮ್ಮಲ್ಲಿಲ್ಲ. ಹಾಗಾಗಿ ಆ ಶನಿವಾರ ಬೆಳಿಗ್ಗೆ ರೊಸೆಂದೊ ಜನರಲ್ ಸಾಹೇಬರ ಮಂಚದ ಮೇಲೆಯೇ ಹತ್ತಿ ನಿಂತ. ಗಂಟು ಬಿಗಿಯಿತು, ಲೋಳೆಸರ ನೇತಾಡಿತು, ಮಂಚದ ಎಡಗಾಲು ಲಟಕ್ಕೆಂದು ಮುರಿಯಿತು.

ಕಯಾಂಬೆ ಹಿಮಬೆಟ್ಟದ ಮಗ್ಗುಲಿನ ಸಾಂತಾ ರೂಫಿನಾ ಬಂಗಲೆಗೆ ಮುನ್ನೂರು ವರ್ಷ. ಒಂದು ಕಾಲಕ್ಕೆ ಅದರ ಮಹಡಿಯ ಮೇಲೆ ನಿಂತರೆ ಕಣ್ಣಿಗೆ ಬಿದ್ದದ್ದೆಲ್ಲ ಧಣಿಗಳದು, ನಾವೂ ಸೇರಿ. ಈಗ ಉಳಿದದ್ದು ಮನೆ, ಪ್ರಾರ್ಥನೆಯ ಗುಡಿ, ಏಳು ಹಸು ಮತ್ತು ಧಣಿ ದೊನ್ ಗಾಸ್ಪರ್. ಅವರು ಕೋಣೆಗಳನ್ನು ದೂರದ ಅತಿಥಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ಅತಿಥಿಗಳಿಗೆ ಬಿರುಕು ಬಿಟ್ಟ ತಟ್ಟೆ ಇಷ್ಟ, ನೀಲಗಿರಿ ಕೊರಡಿನ ಹೊಗೆ ಇಷ್ಟ. ನಾವು ಚಳಿ ಎನ್ನುವುದನ್ನು ಅವರು ಇತಿಹಾಸ ಎಂದು ಕರೆದು ಇನ್ನೊಂದು ಕಂಬಳಿ ಕೇಳುತ್ತಾರೆ.

ಎಲ್ಲಕ್ಕಿಂತ ಇಷ್ಟ ಜನರಲ್ ಮಂಚ. ಯುದ್ಧಕ್ಕೆ ಹೊರಟ ಜನರಲ್ ಒಬ್ಬರು ಒಂದು ರಾತ್ರಿ ಅದರಲ್ಲಿ ಮಲಗಿದ್ದರಂತೆ. ಯಾವ ಜನರಲ್, ಯಾವ ಯುದ್ಧ ಎಂಬುದನ್ನು ದೊನ್ ಗಾಸ್ಪರ್ ಅತಿಥಿಯ ಮುಖ ನೋಡಿ ತೀರ್ಮಾನಿಸುತ್ತಿದ್ದರು. ಬೆಳಗಿನ ಜಾವ ಸೈನ್ಯದ ಕುದುರೆಗಳ ಸಪ್ಪಳ ಕೇಳಿಸಿತೆಂದು ಒಬ್ಬಾಕೆ ಅತಿಥಿಗಳ ಪುಸ್ತಕದಲ್ಲಿ ಬರೆದುಹೋಗಿದ್ದಳು. ಅದು ಹಾಲಿನ ಕ್ಯಾನು ಹೊತ್ತು ಬರುವ ರೊಸೆಂದೊನ ಹೇಸರಗತ್ತೆ.

ಆ ಕೋಣೆಗಳನ್ನೆಲ್ಲ ನೋಡಿಕೊಳ್ಳುವ ಕೆಲಸ ರೊಸೆಂದೊನದು. ಅವನ ಅಪ್ಪ, ತಾತ ಎಲ್ಲರೂ ಆ ಮನೆಯ ಆಳುಗಳೇ. ಬೆಳಿಗ್ಗೆ ಎದ್ದು ಆ ಹಳೆಯ ಕಿಟಕಿಗಳನ್ನು ಒಂದೊಂದಾಗಿ ತೆರೆಯದೆ ಹೋದರೆ ಅವನಿಗೆ ಬೆಳಗಾದಂತೆಯೇ ಅನಿಸುತ್ತಿರಲಿಲ್ಲ. ಆದರೆ ಅವನ ಕೈಗುಣ ಅಷ್ಟಕ್ಕಷ್ಟೆ. ಈಸ್ಟರಿನಲ್ಲಿ ಗುಡಿಯ ಸಂತನ ಹೆಬ್ಬೆರಳು ಮುರಿದಿದ್ದ. ಮೇ ತಿಂಗಳಲ್ಲಿ ಆಳೆತ್ತರದ ಕನ್ನಡಿ ಒಡೆದಿದ್ದ. ಅಂದು ದೊನ್ ಗಾಸ್ಪರ್ ಕೂಗಾಡಲಿಲ್ಲ. “ಇನ್ನೊಂದು ವಸ್ತು ಮುರೀಲಿ ರೊಸೆಂದೊ, ಆಮೇಲೆ ನೀನು ನಿಮ್ಮನೇಲೇ ಇದ್ಬಿಡು” ಎಂದಿದ್ದರು, ಮೆಲ್ಲಗೆ.

ಅದೂ ಎಂಥ ದಿನ! ಮಧ್ಯಾಹ್ನ ಮೂರು ಗಂಟೆಗೆ ಪುಟ್ಟಮ್ಮನವರು ಬರುವವರಿದ್ದರು. ದೊನ್ ಗಾಸ್ಪರ್ ಅವರ ಸೋದರತ್ತೆ, ದೊನ್ಯಾ ಲಿಯೊನೋರ್. ವಯಸ್ಸು ಎಂಬತ್ತೊಂದು, ಆದರೆ ಆ ಮನೆಯ ಹೆಣ್ಣುಮಗಳು ಆಳುಗಳ ಬಾಯಲ್ಲಿ ಸಾಯುವವರೆಗೂ ಪುಟ್ಟಮ್ಮನೇ. ಮದುವೆಯಾಗಿ ಕಿತೊ ಪಟ್ಟಣಕ್ಕೆ ಹೋದವರು ನಲವತ್ತು ವರ್ಷದಿಂದ ಇತ್ತ ತಲೆಹಾಕಿರಲಿಲ್ಲ. ಅರ್ಧ ಬಂಗಲೆ ಅವರ ಹೆಸರಿನಲ್ಲಿದ್ದುದರಿಂದ, ಅತ್ತೆಯನ್ನು ಜನರಲ್ ಮಂಚದಲ್ಲೇ ಮಲಗಿಸಬೇಕೆಂದು ದೊನ್ ಗಾಸ್ಪರ್ ವಾರದಿಂದ ಹೇಳುತ್ತಲೇ ಇದ್ದರು.

ಸದ್ದು ಕೇಳಿ ಮೊದಲು ಓಡಿಬಂದವಳು ಅಡುಗೆಯ ಕ್ಲೆಮೆನ್ಸಿಯಾ. ಬರುವವರಿಗೆ ದೃಷ್ಟಿಯಾಗಬಾರದು, ಲೋಳೆಸರ ಕಟ್ಟು ಎಂದು ಬೆಳಿಗ್ಗೆಯಿಂದ ಪೀಡಿಸಿದವಳೂ ಅವಳೇ.

“ಕಟ್ಟು ಅಂದ್ನೇ ಹೊರತು ಮಂಚದ ಮೇಲೆ ಕುಣಿ ಅಂದ್ನಾ?” ಎಂದು ಕೇಳಿ, ಎಲಿಯಾಸನನ್ನು ಕರೆತರಲು ತಾನೇ ಹೊರಟಳು.

ಎಲಿಯಾಸ್ ಬಂದು, ಮುರಿದ ಕಾಲನ್ನು ವೈದ್ಯನಂತೆ ಹಿಡಿದು ನೋಡಿ, ಗೊಣಗಿದ. ಒಳಗೆಲ್ಲ ಹುಳು ತಿಂದಿತ್ತು. ಅಂಟು ಹಾಕಿ ಕಟ್ಟಿದರೂ ಒಣಗಲು ಮೂರು ದಿನ ಬೇಕು. ಆಮೇಲೆ ಅವನು ರೊಸೆಂದೊನ ಮುಖವನ್ನೇ ದಿಟ್ಟಿಸಿದ.

“ಕುಂಪಾ, ಈ ಅಳತೆ ಮಂಚ ಊರಲ್ಲಿ ಇನ್ನೊಂದೇ ಇರೋದು. ನಿಮ್ಮನೇಲಿ.”

ಮಾತೇನೋ ನಿಜ. ರೊಸೆಂದೊನ ಗುಡಿಸಲಿನಲ್ಲಿ ಅರ್ಧ ಜಾಗವನ್ನು ತಿಂದುಕೊಂಡು ಕೂತಿದ್ದ ಆ ಮಂಚ ಅವನ ಅಜ್ಜಿ ಪಾಸ್ಕ್ವಾಲಳ ಕಾಲದ್ದು. ಗಟ್ಟಿ ಮರ, ಹಸಿರು ಬಣ್ಣ. ಎಲ್ಲಿಂದ ಬಂತೆಂದು ಕೇಳಿದರೆ ಅಜ್ಜಿ, ತಾನಾಗಿ ನಡಕೊಂಡು ಬಂತು ಎನ್ನುತ್ತಿದ್ದಳು. ರೊಸೆಂದೊ ಹುಟ್ಟಿದ್ದು ಅದರಲ್ಲಿ, ಅವನ ನಾಲ್ಕು ಮಕ್ಕಳು ಹುಟ್ಟಿದ್ದು ಅದರಲ್ಲಿ, ಅಜ್ಜಿ ಕಣ್ಣುಮುಚ್ಚಿದ್ದೂ ಅದರಲ್ಲೇ. ಸಾಯುವಾಗ ಅವಳು ಮಂಚದ ಪಟ್ಟಿಯನ್ನು ಹಿಡಿದುಕೊಂಡು, “ಇದು ನಮ್ದಲ್ಲ ಮಕ್ಕಳೇ, ಸುಮ್ನೆ ನೋಡ್ಕೊಳ್ಳಕ್ಕೆ ಇರೋದು” ಎಂದಿದ್ದಳು. ದೇಹದ ಬಗ್ಗೆ ಇಂಥ ವೈರಾಗ್ಯ ತಮಗೂ ಬಂದಿಲ್ಲವೆಂದು ಪಾದ್ರಿಗಳು ಮಣ್ಣು ಮಾಡಿದ ದಿನ ಹೊಗಳಿದ್ದರು.

ಆ ಮಂಚ ರೊಸೆಂದೊನ ಹೆಂಡತಿ ಡೆಲ್ಫಿನಾಳ ಪ್ರಾಣ. ತಲೆದೆಸೆಯ ಪಟ್ಟಿಯಲ್ಲಿ ಕಚ್ಚಿದ ಗುರುತುಗಳಿದ್ದವು. ಇಲಿ ಕಡಿದಿದೆಯೆಂದು ಅವಳು ಬೆಕ್ಕು ಸಾಕಿದ್ದೂ ಅದಕ್ಕಾಗಿಯೇ. ಪುಣ್ಯಕ್ಕೆ ಅವಳು ಅಂದು ತಬಕುಂದೊದ ತಂಗಿಯ ಮನೆಗೆ ಹೋಗಿದ್ದಳು. ಬರುವುದು ಸಂಜೆ ಆರರ ಬಸ್ಸಿಗೆ. ಪುಟ್ಟಮ್ಮನವರು ತಂಗುವ ಒಂದು ರಾತ್ರಿಯನ್ನು ಹೇಗೋ ಸುಳ್ಳು ಹೇಳಿ ದಾಟಿಸಿದರೆ ಹಾವೂ ಸಾಯದು, ಕೋಲೂ ಮುರಿಯದು ಎಂದು ಎಲಿಯಾಸ್ ಧೈರ್ಯ ಹೇಳಿದ. ಕೋಲು ಆಗಲೇ ಮುರಿದಿತ್ತೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಜನರಲ್ ಮಂಚ ಸದ್ದಿಲ್ಲದೆ ಕುದುರೆಲಾಯ ಸೇರಿತು. ಹಸಿರು ಮಂಚ ನಾಲ್ವರ ಹೆಗಲೇರಿ ರಸ್ತೆಗೆ ಬಂತು. ಹೆಂಡತಿ ಊರಲ್ಲಿಲ್ಲದ ದಿನ ಮನೆಯಿಂದ ಮಂಚ ಹೊರಗೆ ಬಂದರೆ ಊರವರು ಏನೆಂದುಕೊಳ್ಳಬೇಕು? ನೆರೆಮನೆಯ ತೊಮಾಸಾ ಬಾಗಿಲಿಗೆ ಬಂದು, ಯಾರು ಹೋದರೆಂದು ಕೇಳಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಯಾರೂ ಹೋಗಿಲ್ಲ, ಮಂಚವನ್ನು ಬಂಗಲೆಯ ಗುಡಿಗೆ ಆಶೀರ್ವಾದಕ್ಕೆ ಒಯ್ಯುತ್ತಿದ್ದೇವೆ ಎಂದುಬಿಟ್ಟ ಎಲಿಯಾಸ್.

ನಮ್ಮಲ್ಲಿ ಆಶೀರ್ವಾದಕ್ಕೆ ಒಂದೇ ವಸ್ತು ಹೋಗುವುದುಂಟೆ? ತೊಮಾಸಾ ಒಳಗೆ ಹೋಗಿ ಹೂವಿನ ಜೊತೆಗೆ ತನ್ನ ಹೊಲಿಗೆ ಯಂತ್ರವನ್ನೂ ತಂದಳು. ಅವಳನ್ನು ನೋಡಿ ಇನ್ನೊಬ್ಬ ಬಿತ್ತನೆ ಆಲೂಗಡ್ಡೆಯ ಮೂಟೆ ಹೊತ್ತ. ಮತ್ತೊಬ್ಬ ಹಾಲು ಕೊಡದ ಹಸುವನ್ನು ಹಿಡಿದುಕೊಂಡು ಬಂದ. ತಿರುವಿನ ಹತ್ತಿರ ಹಬ್ಬದ ತಂಡದ ಡೋಲಿನವನು ಸೇರಿಕೊಂಡ. ಅವನಿಗೆ ಕಾರಣ ಬೇಕಿರಲಿಲ್ಲ. ಬಂಗಲೆಯ ಹೆಬ್ಬಾಗಿಲು ಮುಟ್ಟುವ ಹೊತ್ತಿಗೆ ರೊಸೆಂದೊನ ಹಿಂದೆ ಅರ್ಧ ಊರಿತ್ತು.

ದೊನ್ ಗಾಸ್ಪರ್ ಮಹಡಿಯಿಂದ ಇಣುಕಿ ಏನು ಗದ್ದಲವೆಂದು ಕೇಳಿದರು. ಕ್ಲೆಮೆನ್ಸಿಯಾ ಸೌಟು ಹಿಡಿದುಕೊಂಡೇ, ಪುಟ್ಟಮ್ಮನವರನ್ನು ಎದುರುಗೊಳ್ಳಲು ಊರೇ ಬಂದಿದೆ ಎಂದಳು. ಧಣಿಗಳ ಕಣ್ಣಲ್ಲಿ ನೀರು ಬಂತು. ಅವರು ಕೆಳಗಿಳಿದು ಮುಂಬಾಗಿಲಲ್ಲಿ ಒಬ್ಬೊಬ್ಬರ ಕೈ ಕುಲುಕುತ್ತಿದ್ದಾಗ ಮಂಚ ಅಡುಗೆಮನೆಯ ಬಾಗಿಲಿನಿಂದ ಒಳಗೆ ಹೋಯಿತು. ಹಸಿರು ಬಣ್ಣ ಕಾಣದಂತೆ ಬೂಟಿನ ಕಂದು ಪಾಲಿಶ್ ಬಳಿದರು. ಮೇಲೆ ಕಸೂತಿಯ ಹೊದಿಕೆ ಹೊದಿಸಿದರು. ಪುಟ್ಟಮ್ಮನವರಿಗೆ ಕಣ್ಣಿನಲ್ಲಿ ಪೊರೆ ಬಂದು ಎಲ್ಲ ಮಸುಕಂತೆ ಎಂದು ಕ್ಲೆಮೆನ್ಸಿಯಾ ಸುದ್ದಿ ತಂದಾಗ ರೊಸೆಂದೊ ಬೆಳಗಿನಿಂದ ಮೊದಲ ಸಲ ಉಸಿರುಬಿಟ್ಟ.

ಕಾರಿನಿಂದ ಇಳಿದವರು ಗುಬ್ಬಚ್ಚಿಯಷ್ಟಿದ್ದರು. ಕೋಲೂರಿಕೊಂಡು ಅಂಗಳದ ನಡುವೆ ನಿಂತು ಗಾಳಿಯನ್ನು ಮೂಸಿದರು. ಸುಡುವ ನೀಲಗಿರಿ, ಹಸುವಿನ ಸಗಣಿ, ಒಲೆಯ ಮೇಲಿನ ಜೋಳದ ಕಡುಬು. “ಎಲ್ಲಾ ಹಾಗೇ ಇದೆ” ಎಂದರು. ಏನೂ ಹಾಗೇ ಇರಲಿಲ್ಲ. ಆದರೂ ಅಲ್ಲಿದ್ದ ಮುದುಕರೆಲ್ಲ ತಲೆಯಾಡಿಸಿದರು. ಆ ಒಂದು ಗಳಿಗೆ ನಮಗೂ ಹಾಗೆಯೇ ಅನಿಸಿತ್ತು. ಸಾಲಲ್ಲಿ ನಿಂತ ಹಸು ಮಾತ್ರ ಬೇಸರದಿಂದ ಅಂಬಾ ಎಂದಿತು.

ದೊನ್ ಗಾಸ್ಪರ್ ಅತ್ತೆಯ ಕೈ ಹಿಡಿದು ಕೋಣೆಗೆ ಕರೆದೊಯ್ದರು. ಹಿಂದೆ ಕ್ಲೆಮೆನ್ಸಿಯಾ, ಎಲಿಯಾಸ್, ತಂಗಲು ಬಂದಿದ್ದ ಜರ್ಮನ್ ದಂಪತಿ. ರೊಸೆಂದೊ ಬಾಗಿಲ ಪಕ್ಕ ಗೋಡೆಗೆ ಅಂಟಿಕೊಂಡ. ಜನರಲ್ ಕತೆ ಆರಂಭವಾಯಿತು. ಆ ದಿನದ ಜನರಲ್‌ಗೆ ಎದೆಯಲ್ಲಿ ಗುಂಡಿನ ಗಾಯವಿತ್ತು. ಪುಟ್ಟಮ್ಮನವರು ಮಂಚದ ಅಂಚಿನಲ್ಲಿ ಕೂತು, ತಲೆದೆಸೆಯ ಪಟ್ಟಿಯ ಮೇಲೆ ಕೈಯಾಡಿಸಿದರು. ಬೆರಳು ಒಂದು ಕಡೆ ನಿಂತಿತು. ಹಿಂದೆ ಹೋಯಿತು. ಮತ್ತೆ ಅಲ್ಲಿಗೇ ಬಂತು.

“ಗಾಸ್ಪರ್,” ಎಂದರು, “ಇದು ಆ ಮಂಚ ಅಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮ ರೊಸೆಂದೊ. ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವನು ದಡಕ್ಕನೆ ಮಂಡಿಯೂರಿದ.

“ತಪ್ಪಾಯ್ತು ಪುಟ್ಟಮ್ಮೋರೆ. ಜನರಲ್ ಮಂಚದ ಕಾಲು ನಾನೇ ಮುರ್ದೆ. ಲಾಯದಾಗೈತೆ. ಇದು ನಮ್ಮನೇದು. ಕನ್ನಡೀನೂ ನಾನೇ ಒಡ್ದಿದ್ದು, ಅದು ನಿಮ್ಗೆ ಗೊತ್ತಿಲ್ಲ.”

ದೊನ್ ಗಾಸ್ಪರ್ ಮುಖ ಕೆಂಪಾಯಿತು. ಎಲಿಯಾಸ್ ತಾನು ದಾರಿತಪ್ಪಿ ಬಂದವನಂತೆ ಸೂರು ನೋಡತೊಡಗಿದ. ಪುಟ್ಟಮ್ಮನವರು ಮಾತ್ರ ಏನೂ ಕೇಳಿಸಿಕೊಂಡಂತಿರಲಿಲ್ಲ.

“ನೀನು ಪಾಸ್ಕ್ವಾಲಳ ಮೊಮ್ಮಗನೇನೋ?”

“ಹೂಂ ತಾಯಿ.”

“ಇಲ್ಲಿ ಬಾ. ಮುಟ್ಟಿ ನೋಡು. ಇವು ನನ್ನ ಹಲ್ಲು ಕಣೋ.”

ಆಮೇಲೆ ಅವರು ನಿಧಾನವಾಗಿ ಹೇಳಿದರು. ಅವರು ಹುಟ್ಟಿದ್ದು ಆ ಮಂಚದಲ್ಲಿ. ಎದೆಹಾಲು ಕೊಟ್ಟು ಸಾಕಿದವಳು ಪಾಸ್ಕ್ವಾಲ. ಒಂದು ಮಗ್ಗುಲಲ್ಲಿ ಪುಟ್ಟಮ್ಮ, ಇನ್ನೊಂದರಲ್ಲಿ ಪಾಸ್ಕ್ವಾಲಳ ಮಗ, ಅಂದರೆ ರೊಸೆಂದೊನ ಅಪ್ಪ. ಹಲ್ಲು ಬರುವಾಗ ಪುಟ್ಟಮ್ಮ ಆ ಪಟ್ಟಿಯನ್ನು ಕಚ್ಚುತ್ತಿದ್ದರು. ಅವರಿಗೆ ಆರು ವರ್ಷವಾದಾಗ ತಾಯಿ ಅದೇ ಮಂಚದಲ್ಲಿ ತೀರಿಕೊಂಡರು. ದೊಡ್ಡ ಧಣಿಗಳು, ಅಂದರೆ ಅವರ ಅಪ್ಪ, ಅದನ್ನು ನೋಡಲಾರದೆ, ಹೊರಗೆ ಒಯ್ದು ಸುಟ್ಟುಬಿಡಿ ಎಂದರು. ಸುಡುವ ಕೆಲಸ ಪಾಸ್ಕ್ವಾಲಳಿಗೆ ಬಿತ್ತು. ಬಂಗಲೆಯ ಹಿಂದೆ ಹೊಗೆಯೇನೋ ಎದ್ದಿತ್ತು.

“ಎಪ್ಪತ್ತೈದು ವರ್ಷ ಬೂದಿ ಆಯ್ತು ಅಂತಲೇ ಅಂದ್ಕೊಂಡಿದ್ದೆ” ಎಂದು ಪುಟ್ಟಮ್ಮನವರು ಕೆನ್ನೆಯನ್ನು ಪಟ್ಟಿಗೆ ಒತ್ತಿಕೊಂಡರು. ಕೆನ್ನೆಗೆ ಬೂಟ್ ಪಾಲಿಶ್ ಅಂಟಿತು. ನಗಬೇಕೆಂದು ಯಾರಿಗೂ ತೋಚಲಿಲ್ಲ. ಇದು ನಮ್ದಲ್ಲ, ನೋಡ್ಕೊಳ್ಳಕ್ಕೆ ಇರೋದು. ಅಜ್ಜಿ ಅಂದದ್ದು ದೇಹದ ಮಾತಲ್ಲ, ಮಂಚದ ಮಾತು ಎಂದು ರೊಸೆಂದೊಗೆ ಆಗ ಹೊಳೆಯಿತು.

ಹಾಗಾದರೆ ಜನರಲ್ ಮಂಚ ಯಾವುದು ಎಂದು ಕೇಳಿದ ಜರ್ಮನ್ ಮನುಷ್ಯ. ಅಮ್ಮ ಸತ್ತ ಮರುತಿಂಗಳು ಅಪ್ಪ ಇಬಾರಾ ಸಂತೆಯಿಂದ ತಂದದ್ದು ಎಂದರು ಪುಟ್ಟಮ್ಮನವರು, ಮಾರಿದವನಿಗೆ ಒಳ್ಳೆಯ ಮೀಸೆಯಿತ್ತೆಂದೂ ನೆನಪಿಸಿಕೊಂಡರು. ಜರ್ಮನ್ ಮನುಷ್ಯ ಹೆಂಡತಿಯತ್ತ ನೋಡಿದ. ದೊನ್ ಗಾಸ್ಪರ್ ರೊಸೆಂದೊನತ್ತ ನೋಡಿದರು.

“ನಾನಿನ್ನು ಕಿತೊಗೆ ಹೋಗಲ್ಲ. ಇಲ್ಲೇ ಇರ್ತೀನಿ, ಇದೇ ಮಂಚದಲ್ಲಿ. ಕೊಡ್ತೀಯೇನಪ್ಪ?” ಎಂದರು ಪುಟ್ಟಮ್ಮನವರು.

ರೊಸೆಂದೊನ ಕಣ್ಣಮುಂದೆ ಡೆಲ್ಫಿನಾ ಬಂದಳು, ಅವಳ ಹಿಂದೆ ಬೆಕ್ಕು ಬಂತು. ಆದರೆ ಬಾಯಲ್ಲಿ ಬಂದದ್ದು ಬೇರೆ.

“ನಿಮ್ದೇ ಅಲ್ವಾ ತಾಯಿ. ನಾವು ಬರೀ ನೋಡ್ಕೊಂಡಿದ್ದೋ.”

ಅರ್ಧ ಬಂಗಲೆಯ ಒಡತಿ ಹೀಗೆ ಅಳುತ್ತ ಕೂತಿರುವಾಗ ಆಳನ್ನು ಓಡಿಸುವಂತಿರಲಿಲ್ಲ. ದೊನ್ ಗಾಸ್ಪರ್ ಹಲ್ಲು ಕಚ್ಚಿಕೊಂಡೇ ನಕ್ಕು, ಮಂಚ ಕೊಟ್ಟವನು ನೆಲದ ಮೇಲೆ ಮಲಗಬಾರದು, ಜನರಲ್ ಮಂಚವನ್ನು ರೊಸೆಂದೊಗೆ ಕಾಣಿಕೆಯಾಗಿ ಕೊಟ್ಟಿದ್ದೇನೆ ಎಂದು ಸಾರಿದರು. ಹೊರಗೆ ಡೋಲು ಮೊಳಗಿತು. ಆಮೇಲೆ ಅವನನ್ನು ಮೂಲೆಗೆ ಕರೆದರು. ಹೊಸ ಅತಿಥಿಗಳಿಗೆ ಇದ್ಯಾವುದೂ ಗೊತ್ತಾಗಬಾರದು. ಭಾನುವಾರ ಭಾನುವಾರ ಜನರಲ್ ಮಂಚ ನೋಡಲು ಅವರನ್ನು ಅವನ ಮನೆಗೇ ಕಳಿಸುವುದಾಗಿ ಹೇಳಿದರು. “ಅದರ ಇನ್ನೊಂದು ಕಾಲು ಮುರೀಲಿ ರೊಸೆಂದೊ, ಅತ್ತೆ ಅಲ್ಲ, ಆ ಜನರಲ್ ಎದ್ದು ಬಂದು ಹೇಳಿದ್ರೂ ನಾನು ಕೇಳಲ್ಲ.”

ಆರರ ಬಸ್ಸಿನಲ್ಲಿ ಬಂದ ಡೆಲ್ಫಿನಾಗೆ ದಾರಿಯಲ್ಲೇ ಹತ್ತು ಬಾಯಿ ಹತ್ತು ಕತೆ ಹೇಳಿದ್ದವು. ಅವಳು ಬಾಗಿಲಲ್ಲಿ ನಿಂತು ಮೂರು ಕಾಲಿನ ಮಂಚವನ್ನೂ, ಅದರ ನಾಲ್ಕನೆಯ ಕಾಲಿನ ಜಾಗಕ್ಕೆ ಮಣ್ಣಿನ ಇಟ್ಟಿಗೆ ಜೋಡಿಸುತ್ತಿದ್ದ ಗಂಡನನ್ನೂ ಬಹಳ ಹೊತ್ತು ನೋಡಿದಳು. ರೊಸೆಂದೊ ಹಲ್ಲಿನ ಕತೆಯನ್ನೆಲ್ಲ ಹೇಳಿದ. ಅವಳು ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡು, ಪಾಪದ ಬೆಕ್ಕು, ಇಷ್ಟು ವರ್ಷ ಸುಮ್ಮನೆ ಕಾವಲು ಕಾಯಿತು ಎಂದಳು. ಬೈಗುಳ ಬರಲಿಲ್ಲ. ರೊಸೆಂದೊಗೆ ನಂಬಲಾಗಲಿಲ್ಲ.

ಆಮೇಲೆ ಅವಳು ಹಿತ್ತಲಿಗೆ ಹೋದಳು. ಬರುವಾಗ ಕೈಯಲ್ಲಿ ಬೇರು ಸಮೇತ ಕಿತ್ತ ಲೋಳೆಸರವಿತ್ತು, ಅದಕ್ಕೆ ಕೆಂಪು ಟೇಪು ಕಟ್ಟಿತ್ತು.

“ಧಣಿಗಳ ಮನೆ ಮಂಚ. ಊರವರ ಕಣ್ಣೆಲ್ಲ ಇದರ ಮೇಲೇ ಐತೆ. ಮಲಗೋ ಮುಂಚೆ ಇದನ್ನ ತೊಲೆಗೆ ಕಟ್ಟು” ಎಂದಳು.

ರೊಸೆಂದೊ ತೊಲೆಯನ್ನು ನೋಡಿದ. ತೊಲೆಯ ಕೆಳಗೆ ಅರ್ಧ ಗುಡಿಸಲನ್ನು ತುಂಬಿಕೊಂಡು ನಿಂತಿದ್ದ ಮಂಚವನ್ನು ನೋಡಿದ.

“ಏಣಿ ಎಲ್ಲಿ?” ಎಂದು ಕೇಳಿದಳು ಡೆಲ್ಫಿನಾ.

“ಕುಂಪಾ ಹತ್ರ” ಎಂದ ರೊಸೆಂದೊ.