ನಡುಮನೆಯ ನಡುವೆ ನನ್ನ ಮಿಷನ್

ಭೂಮಿ ವಿಶ್ವದ ಕೇಂದ್ರವಲ್ಲವಂತೆ. ಬಿಡಿ, ಅದು ಭೂಮಿಯ ಹಣೆಬರಹ. ಆದರೆ ಆ ನೆಪದಲ್ಲಿ ನನ್ನ ಹೊಲಿಗೆ ಮಿಷನ್ನನ್ನು ನಡುಮನೆಯ ಮಧ್ಯದಿಂದ ಮೂಲೆಗೆ ದಬ್ಬುತ್ತೇವೆಂದರೆ ಯಾವ ಗಂಡಸು ಸುಮ್ಮನಿರುತ್ತಾನೆ? ಹದಿನೇಳು ವರ್ಷದಿಂದ ಅಲ್ಲೇ ಫ್ಯಾನಿನ ಕೆಳಗೆ ಕೂತು ಊರಿನ ಅರ್ಧ ಜನರ ಮಾನ ಮುಚ್ಚಿದ್ದೇನೆ. (ಉಳಿದರ್ಧ ಜನ ರೆಡಿಮೇಡ್ ಕೊಳ್ಳುತ್ತಾರೆ. ಅವರ ಮಾನಕ್ಕೆ ನಾನು ಜವಾಬ್ದಾರನಲ್ಲ.)

ಕಿತಾಪತಿ ಶುರುಮಾಡಿದ್ದು ಎಂಟನೇ ಕ್ಲಾಸಿನ ಮಗಳು.

“ಅಪ್ಪ, ಭೂಮಿನೇ ಮಧ್ಯದಲ್ಲಿದೆ ಅಂತ ಹಿಂದಿನವರು ಅಂದ್ಕೊಂಡಿದ್ರು. ಆದ್ರೆ ಮಂಗಳ ಗ್ರಹ ಒಂದೊಂದ್ಸಲ ಹಿಂದಕ್ಕೆ ಹೋದ ಹಾಗೆ ಕಾಣ್ತಿತ್ತು. ಅದಕ್ಕೆ ಸುತ್ತಿನ ಮೇಲೆ ಸುತ್ತು ಸೇರಿಸಿ ಲೆಕ್ಕ ಕೂಡಿಸಿದ್ರು. ಸೂರ್ಯನ್ನ ಮಧ್ಯ ಇಟ್ಟು ನೋಡಿದ್ಮೇಲೆ ಗೊತ್ತಾಯ್ತು, ನಾವೇ ಮಂಗಳನ್ನ ಹಿಂದೆ ಹಾಕಿ ಹೋಗ್ತಿದ್ವಿ ಅಂತ.”

“ಅಳತೆ ತಪ್ಪಿದ ಅಂಗಿಗೆ ನೆರಿಗೆ ಮೇಲೆ ನೆರಿಗೆ ಕೊಟ್ಟ ಹಾಗೆ,” ಎಂದಳು ನನ್ನವಳು. “ನಿಮ್ಮಪ್ಪನಿಗೆ ಅಭ್ಯಾಸ ಇದೆ.”

“ಸೂರ್ಯ ಎಲ್ಲಾದ್ರೂ ಇರ್ಲಿ. ಈ ಮನೇಲಿ ಎಲ್ರೂ ಸುತ್ತೋದು ನನ್ನ ಸುತ್ತಾನೇ,” ಎಂದೆ.

“ಪುರಾವೆ?” ಎಂದಳು ಮಗಳು.

ಪುರಾವೆಗೆ ಹೆದರುವ ಜಾಯಮಾನ ನನ್ನದಲ್ಲ. ಭಾನುವಾರ ಇಡೀ ದಿನ ಯಾರು ಎಲ್ಲಿ ನಡೆದರೂ ಮಗಳು ನನ್ನ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆಯುವುದು. ಗೆರೆಗಳು ನನ್ನನ್ನು ಸುತ್ತಿದರೆ ಮಿಷನ್ ಅಲ್ಲೇ, ಇಲ್ಲದಿದ್ದರೆ ಮೂಲೆಗೆ ಎಂದು ಒಪ್ಪಂದವಾಯಿತು. ಅವಳು ಎಲ್ಲರ ಹಿಂದೆ ಬಗ್ಗಿ ಬಗ್ಗಿ ಓಡಾಡಿದಳು. ನನ್ನಮ್ಮನಂತೂ ಮೊಮ್ಮಗಳ ಕಷ್ಟ ನೋಡಲಾರದೆ ಮಧ್ಯಾಹ್ನ ಪೂರ್ತಿ ಮಲಗಿಬಿಟ್ಟಳು.

ಸಂಜೆ ನೋಡಿದರೆ, ಒಂದು ದಪ್ಪ ಗೆರೆ ಬಿಟ್ಟು ಇನ್ಯಾವುದೂ ನೆಟ್ಟಗಿಲ್ಲ. ಎಲ್ಲವೂ ಮಿಷನ್ ಹತ್ತಿರ ಬಂದು, ವಿನಯದಿಂದ ಬಾಗಿ, ಬಳಸಿಕೊಂಡು ಹೋಗಿದ್ದವು. ನನ್ನ ಎದೆ ಎರಡಿಂಚು ಉಬ್ಬಿತು. (ಅಳತೆಯ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ.)

“ಈಗೇನಂತೀರಿ?”

“ಅಡ್ಡ ಇರೋದನ್ನ ಯಾರಾದ್ರೂ ಸುತ್ತಿಕೊಂಡೇ ಹೋಗ್ಬೇಕಲ್ವಾ ಅಪ್ಪ?” ಎಂದಳು ಮಗಳು.

ನನ್ನಮ್ಮ ಸೀರೆ ಸರಿಸಿ ಮೊಣಕಾಲಿನ ಗಾಯ ತೋರಿಸಿದಳು. “ಇದು ನಿನ್ನ ಮಿಷನ್ ತಗುಲಿದ್ದೇ ಕಣೋ.”

ನಾನು ಮಾತು ಬದಲಿಸಿದೆ. “ಅಡುಗೆಮನೆಗೆ ನೆಟ್ಟಗೆ ಹೋಗಿರೋ ಆ ದಪ್ಪ ಗೆರೆ ಯಾರದ್ದು?”

“ನಿಂದೇ ಅಪ್ಪ,” ಎಂದಳು ಮಗಳು. “ಸೂಜಿ ಎಲ್ಲಿ, ಕನ್ನಡಕ ಎಲ್ಲಿ ಅಂತ ಇಪ್ಪತ್ತಾರು ಸಲ ಅಮ್ಮನ ಹತ್ರ ಹೋಗಿದ್ದೀಯ.”

ಮಿಷನ್ ಈಗ ಕಿಟಕಿಯ ಮೂಲೆಯಲ್ಲಿದೆ. ಅಲ್ಲಿ ಬೆಳಕು ಚೆನ್ನಾಗಿದೆ; ಜೀವ ಹೋದರೂ ಮನೆಯವರ ಮುಂದೆ ಅದನ್ನು ಒಪ್ಪುವವನಲ್ಲ ನಾನು. ಸೋತೆನೆಂದೂ ತಿಳಿಯಬೇಡಿ. ನಿನ್ನೆ ನಡುಮನೆಯ ಮಧ್ಯಕ್ಕೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಾನೇ ನಿಂತೆ, ಯಾರು ಸುತ್ತುವುದಿಲ್ಲವೋ ನೋಡಿಯೇಬಿಡೋಣವೆಂದು.

ನನ್ನವಳು ಬಟ್ಟೆಯ ಬುಟ್ಟಿ ಹೊತ್ತು ನೇರ ಬಂದಳು. ಭುಜ ಹಿಡಿದು ನನ್ನನ್ನು ಪಕ್ಕಕ್ಕೆ ಸರಿಸಿ, ನೇರ ಹೋದಳು.