ಭಾವನ ‘ಆಕಿ’

ನಮ್ಮ ಭಾವ ಇಪ್ಪತ್ತಾರು ವರ್ಷ ಹಾಕಿ ಆಡಿದ್ದಾರೆ, ಒಂದೇ ಒಂದು ಗೋಲು ಹೊಡೆದಿಲ್ಲ. ಇದು ನಾನು ಹೊಟ್ಟೆಕಿಚ್ಚಿಗೆ ಹೇಳುವ ಮಾತಲ್ಲ. ಅವರೇ ಎದೆ ತಟ್ಟಿಕೊಂಡು ಹೇಳಿಕೊಳ್ಳುವುದು! “ಗೋಲ್ ಒಡ್ಯೋದು ಯಾವ್ ದೊಡ್ ಕೆಲ್ಸ ಕಣೋ? ಒಡಿಸ್ಕೊಳ್ದಂಗೆ ಇರೋದು ಐತಲ್ಲ, ಅದು ಕೆಲ್ಸ” ಎನ್ನುತ್ತಾರೆ. ಪೀಣ್ಯದ ಒಂದು ಕಾರ್ಖಾನೆಯ ತಂಡದಲ್ಲಿ ಅವರು ಫುಲ್‌ಬ್ಯಾಕ್. ಅಂದರೆ, ಎಲ್ಲರಿಗಿಂತ ಹಿಂದೆ ಗೋಲಿನ ಹತ್ತಿರ ನಿಂತು, ಬಂದ ಚೆಂಡನ್ನು ಬಂದ ದಾರಿಗೇ ಕಳಿಸುವವರು. ಚೆಂಡು ಬಾರದಿದ್ದಾಗ ಮುಂದೆ ಆಡುತ್ತಿರುವವರನ್ನು ಹೆಸರು ಹಿಡಿದು ಬೈಯುವವರು. ಈ ಎರಡನೆಯ ಕೆಲಸವನ್ನೇ ಅವರು ಹೆಚ್ಚು ನಿಷ್ಠೆಯಿಂದ ಮಾಡುತ್ತಾರೆಂದು ನನ್ನ ಅಭಿಪ್ರಾಯ.

ಭಾವ ಎಂದರೆ ನಮ್ಮಕ್ಕನ ಗಂಡ. ಬಾಗಲಗುಂಟೆಯ ಹಳೇ ಊರಿನವರು. ಬೆಂಗಳೂರು ಬಂದು ಸುತ್ತಿಕೊಳ್ಳುವ ಮೊದಲೇ ಅಲ್ಲಿದ್ದ ಮನೆತನ. ಹಾಗಾಗಿ ಅವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಣ್ಣು ಅಣ್ಣಾಗುತ್ತದೆ, ಹಾಕಿ ‘ಆಕಿ’ಯಾಗುತ್ತದೆ. ಅವರ ತಾಯಿಗಂತೂ ಆ ಪದವೇ ಒಂದು ಒಗಟು. “ನನ್ ಮಗ ಇಷ್ಟ್ ವರ್ಸದಿಂದ ಆಕಿ ಆಕಿ ಅಂತಾನೆ. ಅದೇನ್ ಆಕವ್ನೆ ನೀನೇ ಕೇಳಪ್ಪ. ಒಂದ್ ಗೋಲಾದ್ರೂ ಆಕವ್ನಾ?” ಎಂದು ನನ್ನನ್ನು ಹಿಡಿದು ಕೇಳುತ್ತಾರೆ.

ಇಂಥ ವೀರರಿಗೆ ಪೆಟ್ಟು ಬಿದ್ದದ್ದು ಎಲ್ಲಿ ಅಂತೀರಿ? ಮೈದಾನದಲ್ಲಿ ಎಂದುಕೊಂಡರೆ ನಿಮ್ಮ ಊಹೆ ತಪ್ಪು. ಅಂದು ಆಯುಧಪೂಜೆ. ಕಾರ್ಖಾನೆಯ ಯಂತ್ರಗಳೆಲ್ಲ ಮೈ ತೊಳೆಸಿಕೊಂಡು, ಕುಂಕುಮ ಇಟ್ಟುಕೊಂಡು, ಬಾಳೆಕಂದು ಕಟ್ಟಿಸಿಕೊಂಡು ನಿಂತಿದ್ದವು. ಗೇಟಿನ ಪಕ್ಕ ಬೂದುಗುಂಬಳಕಾಯಿಯ ರಾಶಿ. ಅದರಲ್ಲೊಂದು ಜಾರಿ ಇಳಿಜಾರಿನಲ್ಲಿ ಉರುಳತೊಡಗಿತು. ಉರುಳಿದರೆ ಉರುಳಲಿ ಎಂದು ಇನ್ನೂರು ಜನ ಸುಮ್ಮನೆ ನೋಡುತ್ತಿದ್ದರು. ಭಾವನಿಗೆ ಸುಮ್ಮನಿರಲು ಬರುತ್ತದೆಯೇ? ರೇಷ್ಮೆ ಅಂಚಿನ ಹೊಸ ಪಂಚೆಯಲ್ಲಿದ್ದವರು “ಬುಡು, ನಂದು!” ಎಂದು ಕೂಗಿ ಎಗರಿ ಕಾಲು ಅಡ್ಡ ಇಟ್ಟರು. ಕಾಯಿ ನಿಂತಿತು. ಮೊಣಕಾಲು ಮಾತ್ರ ನಿಲ್ಲದೆ ಇನ್ನೊಂದು ಸುತ್ತು ತಿರುಗಿತು!

ಕುಂಬಳಕಾಯಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅರ್ಧ ಗಂಟೆಯ ನಂತರ ಪೂಜಾರಿಗಳು ಅದಕ್ಕೆ ಕುಂಕುಮ ತುಂಬಿ, ಅದೇ ಗೇಟಿನ ಮುಂದೆ ಎತ್ತಿ ಹಾಕಿ ಒಡೆದರಂತೆ. ಹೇಗೂ ಒಡೆಯಲೆಂದೇ ತಂದ ಕಾಯಿಯನ್ನು ಕಾಲು ಮುರಿದುಕೊಂಡು ಕಾಪಾಡಿದವರು ಜಗತ್ತಿನಲ್ಲಿ ಇನ್ನೊಬ್ಬರಿದ್ದರೆ ನನಗೆ ತೋರಿಸಿ.

ಭಾವ ಇದನ್ನು ಒಪ್ಪಿಕೊಂಡರೆ ತಾನೇ? ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಬಂದವರಿಗೆಲ್ಲ “ಮ್ಯಾಚಲ್ಲಿ ಆಯ್ತು” ಎಂದೇ ಶುರು. ಮೊದಲ ದಿನ ಅದು ಸಾಧಾರಣ ಹೊಡೆತವಾಗಿತ್ತು. ಮೂರನೇ ದಿನಕ್ಕೆ ಗುಂಡಿನಂತೆ ನುಗ್ಗಿ ಬರುವ ಪೆನಾಲ್ಟಿ ಕಾರ್ನರ್ ಹೊಡೆತವಾಯಿತು. ವಾರ ಕಳೆಯುವಷ್ಟರಲ್ಲಿ ಹೊಡೆದವನು ಆರೂವರೆ ಅಡಿ ಬೆಳೆದು ಪಂಜಾಬಿನಿಂದ ಬಂದವನಾಗಿದ್ದ. ಅಷ್ಟರಲ್ಲಿ ಒಳಗಿನಿಂದ ಅವರ ತಾಯಿಯ ದನಿ: “ಬೂದ್ಗುಂಬ್ಳಕಾಯಿ ಕಣಪ್ಪಾ!”

ಲಿಗಮೆಂಟು ಹರಿದಿತ್ತು. ಆಪರೇಷನ್ ಆಯಿತು. ಆರು ವಾರದ ನಂತರ ತೋರಿಸಲು ಅಕ್ಕ, ನಾನು ಇಬ್ಬರೂ ಜೊತೆಗೆ ಹೋದೆವು. ಡಾಕ್ಟರು ಧಾರವಾಡದ ಕಡೆಯವರು, ಬಹಳ ಸಜ್ಜನರು. ಭಾವ ಕುರ್ಚಿಯಲ್ಲಿ ಕೂತವರೇ ಕಣ್ಣಲ್ಲಿ ನೀರು ತಂದುಕೊಂಡು, “ಡಾಕ್ಟ್ರೇ, ಇಪ್ಪತ್ತಾರ್ ವರ್ಸದಿಂದ ಆಕೀನೇ ನನ್ ಪ್ರಾಣ. ಆಕಿ ಇಲ್ದೆ ನಂಗೆ ಬದುಕಕ್ಕಾಗಕ್ಕಿಲ್ಲ” ಎಂದುಬಿಟ್ಟರು.

ಧಾರವಾಡದ ಸೀಮೆಯಲ್ಲಿ ಆಕಿ ಎಂದರೆ ಏನು ಹೇಳಿ? ಅವಳು! ಡಾಕ್ಟರು ಪೆನ್ನು ಕೆಳಗಿಟ್ಟರು. ಪಕ್ಕದಲ್ಲಿದ್ದ ಅಕ್ಕನತ್ತ ಸಂಕೋಚದಿಂದ ನೋಡಿ, “ಆಕಿ ಅಂದ್ರ... ಇವರೇ ಏನ್ರೀ?” ಎಂದು ಮೆಲ್ಲಗೆ ಕೇಳಿದರು.

“ನಾನಲ್ಲ ಡಾಕ್ಟ್ರೇ” ಎಂದಳು ಅಕ್ಕ, ಒಂದಿಷ್ಟೂ ನಗದೆ. “ಅವಳು ನನ್ನ ಮದುವೆಗೂ ಮುಂಚಿನಿಂದ ಇದ್ದಾಳೆ. ಭಾನುವಾರ ಭಾನುವಾರ ಅವಳ ಹತ್ರಾನೇ ಹೋಗ್ತಾರೆ. ಮನೆಯವರಿಗೆಲ್ಲ ಗೊತ್ತು.”

ಡಾಕ್ಟರ ಮುಖ ನೋಡಲಾಗದೆ ನಾನೇ ನಡುವೆ ಬಾಯಿ ಹಾಕಿ, ಅದು ಆಟ ಸಾರ್, ಕೋಲು, ಚೆಂಡು, ಎಂದು ಕೈಸನ್ನೆ ಮಾಡಿ ಒಂದು ಸಂಸಾರವನ್ನು ಉಳಿಸಿದೆ. ಆಗ ಅವರು ಗಂಭೀರವಾದರು. “ಹಂಗಾದ್ರ ಕೇಳ್ರಿ. ಈ ಕಾಲು ಇನ್ನೊಮ್ಮೆ ತಿರುಗಿತು ಅಂದ್ರ, ನೀವು ಮಷೀನ್ ಮುಂದ ಎಂಟು ತಾಸು ನಿಂದರಾಕ ಆಗಂಗಿಲ್ಲ. ನೌಕರಿಗೇ ಕುತ್ತು. ಸಾಕಿನ್ನ, ಹಾಕಿ ಬಿಡ್ರಿ” ಎಂದರು. ಆ ಕ್ಷಣದಲ್ಲಿ ಅವರ ಕೈಯಲ್ಲಿ ಮೊಣಕಾಲಿಗೆ ತೊಡುವ ನೀ ಕ್ಯಾಪ್ ಇತ್ತು. ಎಲ್ಲ ಅನರ್ಥಕ್ಕೂ ಅದೇ ಮೂಲ.

ಮನೆಗೆ ಬಂದದ್ದೇ ತಡ, ಭಾವ ಎಲ್ಲರಿಗೂ ಸುದ್ದಿ ಹೇಳಿದರು: “ಡಾಕ್ಟ್ರು ನೀ ಕ್ಯಾಪ್ ತೋರ್ಸಿ ಆಕ್ಬುಡಿ ಅಂದವ್ರೆ. ಆಕ್ಕೊಂಡು ಆಡು ಅಂತ ಅರ್ಥ.”

“ಇಲ್ಲ ಭಾವ, ಹಾಕಿ ಅಂದು, ಸ್ವಲ್ಪ ನಿಲ್ಲಿಸಿ, ಆಮೇಲೆ ಬಿಡ್ರಿ ಅಂದ್ರು.”

“ಎಷ್ಟ್ ನಿಲ್ಸುದ್ರು?”

“ಒಂದು ಉಸಿರಿನಷ್ಟು.”

“ಆ ಕಡೆಯೋರು ಮಾತಾಡೋದೇ ಅಂಗೆ, ನಿಲ್ಸಿ ನಿಲ್ಸಿ.”

ಹಾಕಿಗೂ ಬಿಡ್ರಿಗೂ ನಡುವೆ ಜಾಗ ಇತ್ತೇ ಇಲ್ಲವೇ ಎಂಬ ಈ ವಾದ ನಮ್ಮ ಮನೆಯಲ್ಲಿ ಎರಡು ತಿಂಗಳು ನಡೆಯಿತು. ಶಾಲೆಯಲ್ಲಿ ಪದ ಬಿಡಿಸಿ ಬರೆಯಿರಿ ಎಂದು ಮೇಷ್ಟ್ರು ಏಕೆ ಅಷ್ಟು ಹೊಡೆಯುತ್ತಿದ್ದರೆಂದು ನನಗೆ ನಲವತ್ತನೇ ವಯಸ್ಸಿನಲ್ಲಿ ಅರ್ಥವಾಯಿತು.

ನಡೆಯಲು ಊರುಗೋಲು ಕೊಟ್ಟಿದ್ದರು. “ಅದು ಮುದುಕ್ರು ಇಡಿಯೋದು” ಎಂದು ಭಾವ ಅದನ್ನು ತಾಯಿಗೆ ದಾನ ಮಾಡಿ, ತಮ್ಮ ಹಾಕಿ ಸ್ಟಿಕ್ಕನ್ನೇ ತಲೆಕೆಳಗು ಮಾಡಿ ಊರಿಕೊಂಡು ಹಾಲು ತರಲು ಹೊರಟರು. ನಮ್ಮ ಊರಿನಲ್ಲಿ ಬೆಳಗಿನ ಆರು ಗಂಟೆಗೆ, ಲುಂಗಿ ಉಟ್ಟ ದಪ್ಪ ಮೀಸೆಯ ಮನುಷ್ಯ ಹಾಕಿ ಸ್ಟಿಕ್ ಹಿಡಿದು ಕುಂಟುತ್ತ ಬಂದರೆ ಜನ ಏನೆಂದುಕೊಳ್ಳುತ್ತಾರೆ? ಕ್ಯೂನಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದರು. ಅಂಗಡಿಯವನು ಕೇಳುವ ಮೊದಲೇ ಎರಡು ಪ್ಯಾಕೆಟ್ಟು ಕೊಟ್ಟು ಕೈ ಮುಗಿದ. ಮೂಲೆಯಲ್ಲಿ ನಿಂತಿದ್ದ ಇಬ್ಬರು ಮಾತ್ರ ಹತ್ತಿರ ಬಂದು, “ಅಣ್ಣಾ, ಗಲಾಟೆ ಎಲ್ಲಿ? ಒಂದ್ ಮಾತ್ ಹೇಳಿ, ನಾವೂ ಬರ್ತೀವಿ” ಎಂದರಂತೆ! ಭಾವ ಇದನ್ನು ತಮ್ಮ ಆಟಕ್ಕೆ ಸಿಕ್ಕ ಗೌರವವೆಂದೇ ಇವತ್ತಿಗೂ ನಂಬಿದ್ದಾರೆ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗಿ ಅವರನ್ನು ಅಂಕಲ್ ಎಂದು ಕರೆದಳು. ಆ ಮಾತಿಗೆ ಅವಳನ್ನು ಅವರು ಎದುರು ತಂಡಕ್ಕೆ ಸೇರಿಸಿಬಿಟ್ಟರು. ಮೊಣಕಾಲ ಕೆಳಗೆ ಟವಲ್ಲು ಸುತ್ತಿಟ್ಟು, ಒತ್ತಿ ಹತ್ತು ಎಣಿಸಿ ಎಂದರೆ, “ಎದುರ್ಗಡೆ ಯಾರೂ ಇಲ್ದೆ ಒತ್ತೋದು ಇದ್ಯಾವ್ ಆಟ ಮೇಡಂ?” ಎಂದು ಜಗಳ. ಕೊನೆಗೆ ಅವರ ಎದುರು ನಾನು ಕೂತು, ಟವಲ್ಲಿನ ತುದಿ ಹಿಡಿದು ಎಳೆಯಬೇಕಾಯಿತು. ನಮ್ಮ ಕಂಪನಿಯ ಡಿಸ್ಪ್ಯಾಚ್ ವಿಭಾಗದಲ್ಲಿ ದಿನವಿಡೀ ಪೆಟ್ಟಿಗೆ ಎಣಿಸಿದವನು ಸಂಜೆ ಬಂದು ಭಾವನ ಕಾಲ ಕೆಳಗಿನ ಟವಲ್ಲಿಗೆ ಗುದ್ದಾಡುವುದು ಯಾವ ಜನ್ಮದ ಕರ್ಮವೋ!

ಹೀಗೇ ಬೇಸಿಗೆ ಬಂತು. ಮೇ ತಿಂಗಳಲ್ಲಿ ಕಾರ್ಖಾನೆಗಳ ನಡುವೆ ಟೂರ್ನಮೆಂಟ್. ತಂಡದ ಕ್ಯಾಪ್ಟನ್ ಇಲಿಯಾಸ್ ಒಂದು ಸಂಜೆ ಮನೆಗೆ ಬಂದ. ಅಭ್ಯಾಸದ ಪಂದ್ಯಗಳಲ್ಲೆಲ್ಲ ಸೋತು ಸುಣ್ಣವಾಗಿದ್ದ.

“ಅಣ್ಣ, ನೀವಿಲ್ದೆ ಹಿಂದೆ ಫುಲ್ ಸೈಲೆಂಟ್ ಆಗ್ಬಿಟ್ಟಿದೆ. ಬಾಲ್ ಯಾರ್ದು, ಯಾರ್ ಬಿಡ್ಬೇಕು, ಹೇಳೋರೇ ಇಲ್ಲ. ಬೈಯೋರೂ ಇಲ್ಲ. ಹುಡುಗ್ರು ಸುಮ್ನೆ ಹಿಂದೆ ತಿರುಗಿ ತಿರುಗಿ ನೋಡ್ತಾರೆ.”

ಬೈಗುಳಕ್ಕಾಗಿ ಮನೆಗೆ ಬಂದು ಬೇಡಿಕೊಳ್ಳುವ ತಂಡವನ್ನು ನಾನು ಅಂದೇ ಮೊದಲು ಕಂಡದ್ದು. ನಮ್ಮಲ್ಲಿ ಪುಕ್ಕಟೆ ಸಿಗುತ್ತಿದ್ದ ವಸ್ತುವಿಗೆ ಹೊರಗೆ ಇಷ್ಟು ಬೇಡಿಕೆ ಇದೆಯೆಂದು ಯಾರಿಗೆ ಗೊತ್ತಿತ್ತು? ಭಾವನ ಮುಖವಂತೂ ಮದುಮಗನ ಮುಖವಾಗಿತ್ತು.

ಇಲಿಯಾಸ್ ಹೋದ ಮೇಲೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಅವಳು ಹಾಸ್ಯ ಬಿಟ್ಟು ಮಾತಾಡುವುದು ಅಪರೂಪ. “ಲೋ, ಕಾಲು ಮತ್ತೆ ಹೋದ್ರೆ ಲೇತ್ ಮಷೀನ್ ಮುಂದೆ ಯಾರು ನಿಲ್ತಾರೆ? ಇವರಿಗೆ ಇನ್ನೂ ಒಂಬತ್ತು ವರ್ಷ ಸರ್ವೀಸ್ ಇದೆ. ನನ್ನ ಮಾತು ಕೇಳಲ್ಲ. ನೀನು ಜೊತೆಗೆ ಹೋಗು, ಆಡೋಕೆ ಬಿಡಬೇಡ. ‘ಇನ್ನು ಆಡಲ್ಲ’ ಅಂತ ಅವರ ಬಾಯಿಂದ ಒಂದು ಮಾತು ಹೇಳಿಸು, ಸಾಕು” ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಒಪ್ಪಿಕೊಂಡೆ.

ಪಂದ್ಯ ಕಾರ್ಖಾನೆಯ ಮೈದಾನದಲ್ಲೇ. ಮೈದಾನ ಎನ್ನುವುದು ದೊಡ್ಡ ಮಾತಾಯಿತು. ಅರ್ಧಕ್ಕೆ ಸಾಹೇಬರ ಕಾರುಗಳಿಗೆ ಶೆಡ್ಡು ಬಂದಿದೆ. ಒಂದು ಕಾಲದಲ್ಲಿ ಆಟಗಾರರೆಂದೇ ಕರೆದು ಕೆಲಸ ಕೊಟ್ಟ ಕಾರ್ಖಾನೆ ಈಗ ಆಟಕ್ಕೆ ಕೊಡುವುದು ಬಾಳೆಹಣ್ಣು ಮತ್ತು ಭಾಷಣ. ಬಾಳೆಹಣ್ಣು ಕಡಿಮೆ, ಭಾಷಣ ಜಾಸ್ತಿ. ತಂಡದಲ್ಲಿ ಅರ್ಧ ಜನ ಗುತ್ತಿಗೆಯ ಹುಡುಗರು, ಬರುವ ತಿಂಗಳು ಯಾರು ಇರುತ್ತಾರೋ ಅವರಿಗೇ ತಿಳಿಯದು.

ಮೊದಲರ್ಧದಲ್ಲಿ ಮೂರು ಗೋಲು ಬಿದ್ದವು. ಇಲಿಯಾಸ್ ಹೇಳಿದ್ದು ನಿಜ. ಚೆಂಡು ಬಂದಾಗಲೆಲ್ಲ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ, ಇಬ್ಬರೂ ಓಡಿಬಂದು ಡಿಕ್ಕಿ ಹೊಡೆಯುತ್ತಿದ್ದರು, ಇಲ್ಲವೇ ಇಬ್ಬರೂ ಬಿಡುತ್ತಿದ್ದರು. ಭಾವ ಕುರ್ಚಿಯಲ್ಲಿ ಕೂತು ಕೈ ಹಿಸುಕಿಕೊಂಡರು. ವಿರಾಮ ಮುಗಿಯುವಾಗ ಎದ್ದೇಬಿಟ್ಟರು. ನಾನು ಗೆರೆಯ ಮೇಲೆ ಕೈ ಅಗಲಿಸಿ ಅಡ್ಡ ನಿಂತೆ.

“ಭಾವ, ಅಕ್ಕನಿಗೆ ಮಾತು ಕೊಟ್ಟಿದ್ದೀನಿ.”

“ಅಲ್ ನೋಡು, ನಿಮ್ಮಕ್ಕನೇ ಬಂದವ್ಳೆ.”

ನಾನು ತಿರುಗಿ ನೋಡಿದೆ. ಅಷ್ಟರಲ್ಲಿ ಅವರು ಮೈದಾನದ ಒಳಗಿದ್ದರು! ಇದೇನಾ ಇಪ್ಪತ್ತಾರು ವರ್ಷದ ಅನುಭವ? ಎರಡನೇ ತರಗತಿಯ ಹುಡುಗರೂ ಈ ಉಪಾಯಕ್ಕೆ ಬೀಳುವುದಿಲ್ಲ, ನಾನು ಬಿದ್ದೆ.

ಮುಂದಿನ ಅರ್ಧ ಗಂಟೆ ಪೀಣ್ಯದ ಎರಡನೇ ಹಂತದವರೆಗೂ ಕೇಳುವಂತೆ ಬೈಗುಳದ ಮಳೆ. “ಲೇ ಮಂಜ, ಬುಡು ಅದು ನಂದು! ಎಡಕ್ಕೋಗೋ, ನಿಮ್ಮಪ್ಪನ್ ತ್ವಾಟನಾ ಅದು, ವಾಕಿಂಗ್ ಮಾಡ್ತೀಯ!” ಹುಡುಗರ ಮುಖದಲ್ಲಿ ಕಳೆ ಬಂತು. ಆಟ ಒಂದು ಹದಕ್ಕೆ ಬಂತು. ಭಾವ ಓಡಲಿಲ್ಲ, ನಿಂತಲ್ಲೇ ನಿಂತು ತಮ್ಮ ಕಡೆ ಬಂದದ್ದನ್ನೆಲ್ಲ ತಡೆದರು. ಇನ್ನೊಂದು ಗೋಲೂ ಬೀಳಲಿಲ್ಲ.

ಅಲ್ಲಿಯವರೆಗೆ ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಆಪರೇಷನ್ ಆದ ಬಲಗಾಲು ಹೊರಳುತ್ತಿರಲಿಲ್ಲ. ಬಲಗಡೆ ಚೆಂಡು ಬಂದರೆ ಮುಗಿಯಿತು ಎಂದುಕೊಂಡೆ. ಆದರೆ ಚೆಂಡು ಅತ್ತ ಬರಲೇ ಇಲ್ಲ. ಯಾಕೆಂದು ತಿಳಿದದ್ದು ಸ್ವಲ್ಪ ಹೊತ್ತಾದ ಮೇಲೆ. ಅವರ ಬಲಗಡೆ ಯಾವಾಗಲೂ ಒಬ್ಬ ಇರುತ್ತಿದ್ದ. ಒಮ್ಮೆ ಇಲಿಯಾಸ್, ಒಮ್ಮೆ ಮಂಜ, ಒಮ್ಮೆ ಇಬ್ಬರೂ. ಗೋಲು ಹೊಡೆಯಬೇಕಾದ ಮುಂದಿನ ಸಾಲಿನ ಹುಡುಗ ಕೂಡ ಅಷ್ಟು ದೂರದಿಂದ ಓಡಿ ಬಂದು, ಬೈಸಿಕೊಂಡು, ಅಲ್ಲೇ ನಿಲ್ಲುತ್ತಿದ್ದ. ಪಂದ್ಯ ಸೋಲುವುದು ಅವರಿಗೆಲ್ಲ ಗೊತ್ತಿತ್ತು. ಆದರೂ ಆ ಜಾಗ ಬಿಡಲಿಲ್ಲ. ಮೂರು ಸೊನ್ನೆಗೆ ಆಟ ಮುಗಿಯಿತು.

ನನ್ನ ಸ್ಕೂಟರಿನಲ್ಲಿ ಹಿಂದೆ ಕೂತು, ಮಡಚಲಾಗದ ಕಾಲನ್ನು ಹೊರಕ್ಕೆ ಚಾಚಿ, ಭಾವ ಮನೆಗೆ ಹೊರಟರು. ಎಂಟನೇ ಮೈಲಿ ಎಂಬ ಸ್ಟಾಪಿನ ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಬೆನ್ನ ಹಿಂದಿನಿಂದ ಮೆಲುದನಿ ಬಂತು. ಅವರಿಗೆ ಮೆಲುದನಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

“ನೋಡ್ದೇನ್ಲಾ, ಬಲಗಡೆ?”

“ಏನ್ ಭಾವ? ನಾನೇನೂ ನೋಡ್ಲಿಲ್ಲ.”

“ಸುಳ್ ಏಳ್ಬ್ಯಾಡ. ನಾನ್ ಅವ್ರನ್ನ ಕಾಯಕ್ಕೆ ನಿಂತೋನು. ಇವತ್ತು ಅವ್ರು ನನ್ನ ಕಾದ್ರು. ಅಂಗಾದ್ರೆ ಗೋಲ್ ಯಾರ್ ಒಡೀತಾರೆ? ನಾಳೆ ಇಲಿಯಾಸಂಗೆ ಏಳ್ಬುಡ್ತೀನಿ, ನನ್ ಎಸ್ರು ತೆಗಿ ಅಂತ. ಇನ್ ಆಡಕ್ಕಿಲ್ಲ.”

ಆರು ತಿಂಗಳಿಂದ ಡಾಕ್ಟರು, ಅಕ್ಕ, ನಾನು ಎಲ್ಲರೂ ಸೇರಿ ಹೇಳಿಸಲು ಒದ್ದಾಡಿದ ಮಾತು ಅದು. ನನಗೆ ಕುಣಿದಾಡುವಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ. “ಇನ್ನೊಂದೇ ವರ್ಷ ಆಡಿ ಭಾವ. ಅಕ್ಕನಿಗೆ ನಾನು ಹೇಳ್ತೀನಿ” ಎಂದುಬಿಟ್ಟೆ. ಹೇಳಿದ್ದು ನಾನೇನಾ ಎಂದು ನನಗೇ ಆಶ್ಚರ್ಯವಾಯಿತು.

ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. “ಸಿಗ್ನಲ್ ಬಿಡ್ತು, ಓಗು. ಮತ್ತೆ, ಇವತ್ತೇ ನಿಮ್ಮಕ್ಕಂಗೆ ಏಳ್ಬ್ಯಾಡ ಕಣ್ಲಾ. ಇವತ್ತೊಂದಿನ ಆಟಗಾರನಾಗೇ ಬೈಸ್ಕೊಂತೀನಿ.”

ಮನೆಯ ಮುಂದೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಮಣ್ಣಾದ ಶೂ ಕಂಡದ್ದೇ ತಡ, ಶುರುವಾಯಿತು. ಭಾವ ತಲೆ ತಗ್ಗಿಸಿ, ಸ್ಟಿಕ್ಕಿನ ಮೇಲೆ ಭಾರ ಬಿಟ್ಟು, ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದರು. ನಾನು ಸ್ಕೂಟರು ನಿಲ್ಲಿಸಿ ಹೋಗಿ ಅವರ ಬಲಗಡೆ ನಿಂತುಕೊಂಡೆ.