ದೊಡ್ಡಳಿಯ ಚಿಕ್ಕವರು, ಚಿಕ್ಕಳಿಯ ದೊಡ್ಡವರು

ನಗಬಾರದ ಜಾಗದಲ್ಲಿ ನಗು ತರಿಸುವ ಜನ ಹೇಗೋ ನನ್ನ ಆಫೀಸಿನ ದಾರಿ ಹುಡುಕಿಕೊಂಡೇ ಬರುತ್ತಾರೆ. ರಾಜಾಜಿನಗರದ ಒಂದು ಬೇಕರಿಯ ಮೇಲೆ ನನ್ನ ವಕೀಲಿ. ವ್ಯಾಪಾರದ ಪಾಲುದಾರರ ಜಗಳ, ಧರ್ಮಾರ್ಥ ಟ್ರಸ್ಟುಗಳ ಜಗಳ, ಇವೆರಡೇ ನನ್ನ ಕಸುಬು. "ನಿಂದು ಬರೀ ಬೋರ್ ಕೇಸುಗಳು ಕಣೇ" ಎಂದು ಕ್ರಿಮಿನಲ್ ಕೇಸು ನಡೆಸುವ ಗೆಳತಿ ಕನಿಕರ ಪಡುತ್ತಾಳೆ. ಅವಳಿಗೇನು ಗೊತ್ತು? ಕೊಲೆ ಮಾಡಿದವನಿಗೆ ಒಂದು ಕಾರಣವಾದರೂ ಇರುತ್ತದೆ. ನನ್ನ ಕಕ್ಷಿದಾರರಿಗೆ ಅದೂ ಬೇಕಿಲ್ಲ.

ಕಳೆದ ವರ್ಷ ಬಂದ ಇಬ್ಬರು ಅಳಿಯಂದಿರನ್ನೇ ನೋಡಿ.

೧. ಯಾರು ಹಿರಿಯರು?

ಬಸವೇಶ್ವರನಗರದ ಯಜಮಾನರೊಬ್ಬರು ತೀರಿಕೊಳ್ಳುವ ಮುಂಚೆ ಎರಡು ಒಳ್ಳೆಯ ಕೆಲಸ ಮಾಡಿದ್ದರು. ಅತ್ತಿಗುಪ್ಪೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟು ಇಬ್ಬರು ಅಳಿಯಂದಿರನ್ನು ಪಾಲುದಾರರನ್ನಾಗಿ ಮಾಡಿದ್ದರು. ಉಲ್ಲಾಳದ ಕಡೆ, ಉತ್ತರ ಕರ್ನಾಟಕದಿಂದ ಓದಲು ಬರುವ ಹುಡುಗಿಯರಿಗೆ ಒಂದು ಉಚಿತ ಹಾಸ್ಟೆಲ್ ಕಟ್ಟಿಸಿ, ಅದರ ಟ್ರಸ್ಟಿಗೂ ಅವರಿಬ್ಬರನ್ನೇ ಹಾಕಿದ್ದರು. ಎರಡೂ ಚೆನ್ನಾಗಿ ನಡೆಯುತ್ತಿದ್ದವು. ಹಾಸ್ಟೆಲ್ ನಿಂತಿದ್ದು ಗುತ್ತಿಗೆಗೆ ಪಡೆದ ಸರ್ಕಾರಿ ಜಾಗದಲ್ಲಿ. ಆ ಗುತ್ತಿಗೆಯ ಅವಧಿ ಮುಗಿಯುತ್ತಾ ಬಂದಿತ್ತು. ನವೀಕರಣದ ಪತ್ರಕ್ಕೆ ಇಬ್ಬರ ಸಹಿಯೂ ಬೇಕು. ಇಲ್ಲದಿದ್ದರೆ ಪರೀಕ್ಷೆ ಎದುರಿಗಿರುವಾಗಲೇ ಅಷ್ಟೂ ಹುಡುಗಿಯರು ಗಂಟುಮೂಟೆ ಕಟ್ಟಬೇಕು.

ಅಡ್ಡಿ ಒಂದೇ. ದೊಡ್ಡ ಮಗಳ ಗಂಡ ವಯಸ್ಸಿನಲ್ಲಿ ಚಿಕ್ಕವರು. ಚಿಕ್ಕ ಮಗಳ ಗಂಡ ಅವರಿಗಿಂತ ಆರು ವರ್ಷ ದೊಡ್ಡವರು. ಸಂಬಂಧದ ಲೆಕ್ಕದಲ್ಲಿ ತಲೆ ಪೂರ್ತಿ ಬೆಳ್ಳಗಾದ ಚಿಕ್ಕಳಿಯ, ಕಪ್ಪು ಮೀಸೆಯ ದೊಡ್ಡಳಿಯನನ್ನು ಮದುವೆಯಾದಂದಿನಿಂದ "ಅಣ್ಣ" ಎನ್ನಬೇಕಾಗಿತ್ತು. ಮಾವ ಇರುವವರೆಗೆ ಹಲ್ಲು ಕಚ್ಚಿಕೊಂಡು ಅಂದರು. ಮಾವನ ಶಿವಗಣಾರಾಧನೆಯ ಊಟ ಮುಗಿದ ಮಾರನೆಯ ಬೆಳಿಗ್ಗೆಯಿಂದ ನಿಲ್ಲಿಸಿಬಿಟ್ಟರು.

"ಮೊದಲಿನ ಹಾಗೆ ಅಣ್ಣ ಅನ್ನಲಿ, ಮೇಲುಗಡೆ ನನ್ನ ಸೈನ್ ಇರಲಿ. ಈಗಲೇ ಮುಗಿಸಿಬಿಡ್ತೀನಿ" ಎಂದರು ದೊಡ್ಡಳಿಯ.

"ನಾನು ಕಾಲೇಜು ಸೇರಿದಾಗ ಇವರು ಚಡ್ಡಿ ಹಾಕ್ಕೊಂಡು ಗೋಲಿ ಆಡ್ತಿದ್ರು ಮೇಡಂ. ಇವರ ಕೆಳಗೆ ನಾನು ಸೈನ್ ಹಾಕ್ಲಾ?" ಎಂದರು ಚಿಕ್ಕಳಿಯ.

"ಕಾನೂನಿನ ಪ್ರಕಾರ ನೀವಿಬ್ಬರೂ ಸಮಾನರು ಸಾರ್" ಎಂದೆ.

ತಿಂಗಳುಗಳಿಂದ ಜಗಳವಾಡುತ್ತಿದ್ದವರು ಮೊದಲ ಬಾರಿಗೆ ಒಮ್ಮತಕ್ಕೆ ಬಂದರು. ಇಬ್ಬರೂ ಒಟ್ಟಿಗೇ ಕೇಳಿದರು: "ಅದು ಹೇಗಾಗುತ್ತೆ ಮೇಡಂ?"

೨. ಬೋರ್ಡಿಗೆ ಎರಡು ಮುಖ

ಅಂಗಡಿಯ ಜಗಳವೂ ಇದೇ. ಬೋರ್ಡಿನಲ್ಲಿ ಯಾರ ಹೆಸರು ಮೊದಲು? ಇದಕ್ಕಾಗಿ ಇಬ್ಬರೂ ಬೇರೆ ಬೇರೆ ವಕೀಲರನ್ನು ಹಿಡಿದು ಪಾಲುದಾರಿಕೆಯನ್ನೇ ಮುರಿಯಲು ಹೊರಟಿದ್ದರು. ಟ್ರಸ್ಟಿನ ವಕೀಲಳಾದ ನಾನು, ಅಂಗಡಿ ಸರಿಹೋದರೆ ಹಾಸ್ಟೆಲೂ ಸರಿಹೋದೀತು ಎಂಬ ಆಸೆಯಿಂದ ಮಧ್ಯೆ ಕೂತೆ.

ಅಂದು ನನ್ನ ತಲೆ ಬಹಳ ಚುರುಕಾಗಿತ್ತು. ಗೋಡೆಗೆ ಅಂಟಿದ ಬೋರ್ಡು ತೆಗೆಸಿ, ರಸ್ತೆಗೆ ಚಾಚಿದ ಎರಡು ಮುಖದ ಬೋರ್ಡು ಹಾಕಿಸಿದೆ. ವಿಜಯನಗರದ ಕಡೆಯಿಂದ ಬಂದವರಿಗೆ ದೊಡ್ಡಳಿಯನ ಹೆಸರು ಮೊದಲು. ನಾಯಂಡಹಳ್ಳಿ ಕಡೆಯಿಂದ ಬಂದವರಿಗೆ ಚಿಕ್ಕಳಿಯನ ಹೆಸರು ಮೊದಲು. ಇಬ್ಬರೂ ಕೈಮುಗಿದರು. ನಾನು ಮನೆಗೆ ಹೋಗಿ ನಮ್ಮನೆಯವರ ಮುಂದೆ ಒಂದು ವಾರ ಜಂಬ ಕೊಚ್ಚಿಕೊಂಡೆ.

ಎಂಟನೆಯ ದಿನ ಚಿಕ್ಕಳಿಯ ಮೆಟ್ಟಿಲು ಹತ್ತಿಕೊಂಡು ಏದುಸಿರು ಬಿಡುತ್ತಾ ಬಂದರು. ಅಂಗಡಿಯ ಮುಂದಿನ ರಸ್ತೆಯನ್ನು ಟ್ರಾಫಿಕ್‌ನವರು ಒನ್ ವೇ ಮಾಡಿದ್ದರು. ಈಗ ಎಲ್ಲ ಗಾಡಿಗಳೂ ವಿಜಯನಗರದ ಕಡೆಯಿಂದಲೇ.

"ಮೇಡಂ, ಒನ್ ವೇ ಮೇಲೆ ಸ್ಟೇ ತರೋಕಾಗುತ್ತಾ?"

೩. ಕಿಟಕಿ

ಅಕ್ಕತಂಗಿಯರದು ಒಂದೇ ಕಟ್ಟಡ. ಕೆಳಗಡೆ ಅಕ್ಕ, ಮೇಲ್ಗಡೆ ತಂಗಿ, ನಡುವೆ ದಿನವಿಡೀ ಸಾರು ಪಲ್ಯದ ಓಡಾಟ. ಗಂಡಂದಿರ ಜಗಳವನ್ನು ಅವರು ಟಿವಿ ಸೀರಿಯಲ್ಲಿನಂತೆ ನೋಡುತ್ತಿದ್ದರು, ಬೇಜಾರಾದಾಗ ಎದ್ದು ಹೋಗುತ್ತಿದ್ದರು. ಮನೆಯಲ್ಲಿದ್ದ ಎರಡು ಕಾರಿನಲ್ಲಿ ಒಂದು ತಮಗೆ ಬೇಕೆಂದು ತೀರ್ಮಾನಿಸಿದವರೂ ಅವರೇ. ಹಾಗಾಗಿ ಮಾತುಬಿಟ್ಟ ಗಂಡಸರಿಬ್ಬರೂ ಒಂದೇ ಕಾರಿನಲ್ಲಿ ನನ್ನ ಆಫೀಸಿಗೆ ಬರುತ್ತಿದ್ದರು.

ಒಂದು ಮಧ್ಯಾಹ್ನ ದೊಡ್ಡಳಿಯನ ಫೋನು ಬಂತು.

"ಮೇಡಂ, ಕಿಟಕಿ ಏರಿಸೋಕೆ ಹೇಳಿ ಅವರಿಗೆ. ಧೂಳು ಬರ್ತಾ ಇದೆ."

"ಎಲ್ಲಿದೀರಾ ಸಾರ್?"

"ಕಾರಲ್ಲೇ. ಮಾಗಡಿ ರೋಡ್ ಸಿಗ್ನಲಲ್ಲಿ."

"ಅವರೆಲ್ಲಿದಾರೆ?"

"ಪಕ್ಕದಲ್ಲೇ."

"ಮತ್ತೆ ನೀವೇ ಹೇಳಿ!"

"ಛೇ ಛೇ, ಈಗ ಮಾತಾಡಿದ್ರೆ ಕೇಸು ವೀಕ್ ಆಗುತ್ತಂತೆ ಮೇಡಂ."

ಫೋನು ಸ್ಪೀಕರಿನಲ್ಲಿತ್ತು. ಪಕ್ಕದಿಂದ ಚಿಕ್ಕಳಿಯನ ದನಿ ಕೇಳಿಸಿತು: "ಮೇಡಂ, ಗಾಡಿ ಸ್ಟಾರ್ಟ್ ಮಾಡೋಕೆ ಹೇಳಿ ಅವರಿಗೆ. ಆಗಲೇ ಗ್ರೀನ್ ಬಿತ್ತು."

೪. ಪಂಕ್ತಿಯ ನಡುವೆ

ಹಾಸ್ಟೆಲಿನ ವಾರ್ಡನ್ ಹಾವೇರಿ ಕಡೆಯ ಹೆಂಗಸು. ದಿನಾ ಬೆಳಿಗ್ಗೆ ಫೋನು: "ಮೇಡಮ್ಮಾರ, ಸಹಿ ಆತೇನ್ರಿ? ಹುಡುಗ್ಯಾರು ಪುಸ್ತಕ ಬಿಟ್ಟು ನನ್ನ ಮಾರಿ ನೋಡಾಕತ್ಯಾರ್ರಿ." ಕೊನೆಗೆ ಹುಡುಗಿಯರೇ ಒಂದು ಉಪಾಯ ಹೂಡಿದರು. ಇಬ್ಬರು ಟ್ರಸ್ಟಿಗಳನ್ನೂ ಊಟಕ್ಕೆ ಕರೆಯುವುದು, ಜೋಳದ ರೊಟ್ಟಿ ಎಣ್ಣೆಗಾಯಿ ತಿನ್ನಿಸಿ ಮೆತ್ತಗೆ ಮಾಡುವುದು.

ಸರಿ, ಮೊದಲು ಯಾರಿಗೆ ಬಡಿಸಬೇಕು? ಹುಡುಗಿಯರು ನನಗಿಂತ ಜಾಣೆಯರು. ಇಬ್ಬರನ್ನೂ ಪಂಕ್ತಿಯ ಎರಡು ತುದಿಯಲ್ಲಿ ಕೂರಿಸಿ, ಎರಡು ತಂಡ ಮಾಡಿಕೊಂಡು, ಎರಡೂ ಕಡೆಯಿಂದ ಏಕಕಾಲಕ್ಕೆ ಬಡಿಸುತ್ತಾ ಬಂದರು. ಇಬ್ಬರು ಅಳಿಯಂದಿರೂ ತಾವೇ ಮೊದಲೆಂದು ಸಂತೋಷವಾಗಿ ಉಂಡರು. ಆ ಎರಡು ತಂಡ ಬಂದು ಕೂಡುತ್ತಿದ್ದ ನಟ್ಟನಡುವೆ ನಾನು ಕೂತಿದ್ದೆ. ಎರಡು ಸಲ ಎಣ್ಣೆಗಾಯಿ, ಎರಡು ಸಲ ಶೇಂಗಾ ಚಟ್ನಿ, ಎರಡು ಸಲ ಹೋಳಿಗೆ. ಬೇಡ ಎಂದರೆ, "ಆ ಕಡೆಯವ್ರು ನೀಡಿದ್ದು ಉಂಡೀರಿ, ನಮ್ದು ಯಾಕ ಬ್ಯಾಡ್ರಿ?"

ನಿಷ್ಪಕ್ಷಪಾತಿಯಾಗಿದ್ದಕ್ಕೆ ಮೂರು ದಿನ ಬರೀ ಗಂಜಿ ಕುಡಿದೆ.

೫. ಎಡಗಡೆ

ಗುತ್ತಿಗೆಯ ಕೊನೆಯ ದಿನವೂ ಬಂತು. ಗುತ್ತಿಗೆ ನವೀಕರಿಸುವ ಸರ್ಕಾರಿ ಕಚೇರಿಯಲ್ಲಿ ನಾವು ಮೂವರು, ಬಾಗಿಲು ಹಾಕಲು ಇನ್ನೊಂದು ಗಂಟೆ. ಮೇಲೆ ಕೆಳಗೆ ಎಂಬ ರಗಳೆಯೇ ಬೇಡವೆಂದು, ಸಹಿಯ ಜಾಗಗಳು ಅಕ್ಕಪಕ್ಕ ಬರುವಂತೆ ನಾನು ಪತ್ರ ಟೈಪು ಮಾಡಿಸಿದ್ದೆ.

ದೊಡ್ಡಳಿಯ ಪತ್ರ ನೋಡಿ, "ಓದೋದು ಎಡದಿಂದ ತಾನೆ? ಎಡಗಡೆ ನನ್ನದು" ಎಂದರು.

"ಎಡಗಡೆ ನನ್ನದು" ಎಂದರು ಚಿಕ್ಕಳಿಯ.

ಗಡಿಯಾರ ನೋಡಿದೆ. ದೊಡ್ಡಳಿಯನ ಕಿವಿಯಲ್ಲಿ, "ಸಾರ್, ಎಡಗಡೆ ಹೆಂಡತಿ ನಿಲ್ಲೋ ಜಾಗ ಅಲ್ವಾ? ನಿಮಗ್ಯಾಕೆ ಅದು?" ಎಂದೆ. ಅವರು ಗಾಬರಿಯಾಗಿ, "ಹೌದಲ್ಲ! ನನಗೆ ಬಲಗಡೆ ಕೊಡಿ" ಎಂದರು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಚಿಕ್ಕಳಿಯನ ಕಿವಿ ನಾನಂದುಕೊಂಡಷ್ಟು ಮಂದವಲ್ಲ ಎಂದು ಗೊತ್ತಾಯಿತು. "ಹಾಗಾದ್ರೆ ನಾನೇನು ಇವರ ಹೆಂಡ್ತೀನಾ? ನನಗೂ ಬಲಗಡೇನೇ ಬೇಕು."

ಈಗ ಎಡಗಡೆ ಯಾರಿಗೂ ಬೇಡ. ಕಚೇರಿಯ ಗುಮಾಸ್ತರು ಬೀರುವಿಗೆ ಬೀಗ ಹಾಕತೊಡಗಿದರು. ಇನ್ನು ನನ್ನಿಂದಾಗದು ಎಂದು ಅವರ ಮನೆಗೆ ಫೋನು ಮಾಡಿದೆ. ಸ್ವಲ್ಪ ಹೊತ್ತಿಗೆಲ್ಲ ಅಕ್ಕತಂಗಿಯರಿಬ್ಬರೂ ತಮ್ಮ ಕಾರಿನಲ್ಲಿ ಬಂದಿಳಿದರು. ಅಕ್ಕ ಕೂರಲೂ ಇಲ್ಲ.

"ನೋಡಿ, ಆ ಹುಡುಗೀರು ಬೀದಿಗೆ ಬೀಳೋದನ್ನ ನಾವಂತೂ ನೋಡಲ್ಲ. ಸೈನ್ ಆಗಿಲ್ಲ ಅಂದ್ರೆ ಇವತ್ತೇ ಎಲ್ಲರನ್ನೂ ಮನೆಗೆ ಕರ್ಕೊಂಡು ಬರ್ತೀವಿ. ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ."

"ಮತ್ತೆ ನಾವು?" ಎಂದರು ಗಂಡಂದಿರು.

"ಅಂಗಡೀಲಿ ಮಲ್ಕೊಳ್ಳಿ" ಎಂದಳು ತಂಗಿ. "ಇಬ್ರೂ ಒಟ್ಟಿಗೆ. ಒಂದೇ ಚಾಪೆ ಇರೋದು."

ಇಬ್ಬರೂ ಒಟ್ಟಿಗೇ ಪೆನ್ನು ತೆಗೆದರು, ಒಟ್ಟಿಗೇ ಬಗ್ಗಿದರು, ಒಟ್ಟಿಗೇ ಬಲಗಡೆ ಗೀಚಿದರು. ಒಬ್ಬರ ಸಹಿಯ ಮೇಲೆ ಇನ್ನೊಬ್ಬರದು ಕೂತು, ಜೇಡರ ಬಲೆಯಂತೆ ಏನೋ ಒಂದು ಮೂಡಿತು.

ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. "ಮೊದಲು ಯಾರು ಹಾಕಿದ್ದು?"

ನನ್ನ ಜೀವ ಬಾಯಿಗೆ ಬಂತು.

"ಒಟ್ಟಿಗೇ" ಎಂದರು ಇಬ್ಬರೂ, ಸ್ವಲ್ಪ ಹೆಮ್ಮೆಯಿಂದಲೇ.

"ಆಯ್ತು. ಇಬ್ಬರೂ ನಿಮ್ಮ ಎದುರಿಗೇ ಹಾಕಿದ್ರು ಅಂತ ನೀವೊಂದು ಸಹಿ ಮಾಡಿ ಮೇಡಂ, ಸಾಕು."

"ಎಲ್ಲಿ ಮಾಡಲಿ ಸಾರ್?"

"ಎಡಗಡೆ ಖಾಲಿ ಇದೆಯಲ್ಲ."

ಮಾಡಿದೆ. ಸೀಲು ಬಿತ್ತು. ಹಾಸ್ಟೆಲ್ ಉಳಿಯಿತು. ವಾರ್ಡನ್‌ಗೆ ಸುದ್ದಿ ಹೇಳಿದಾಗ ಫೋನಿನ ಆ ಕಡೆ ಹುಡುಗಿಯರು ಹಾಕಿದ ಕೇಕೆ ಇಡೀ ಕಚೇರಿಗೆ ಕೇಳಿಸಿತು. ದೊಡ್ಡಳಿಯ, ಚಿಕ್ಕಳಿಯ ಇಬ್ಬರೂ ನನ್ನ ಪಕ್ಕ ನಿಂತು ಬೀಗುತ್ತಿದ್ದರು.

ಅಕ್ಕ ಪತ್ರವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಆಮೇಲೆ ತಂಗಿಯ ಕೈ ಹಿಡಿದು ಕಾರಿನ ಕಡೆ ನಡೆಯುತ್ತಾ ಅಂದಳು:

"ಎಡಗಡೆ ನಿಂತಾಯ್ತಲ್ಲ ಮೇಡಂ, ಇಬ್ಬರನ್ನೂ ನೀವೇ ಮನೆಗೆ ಕರ್ಕೊಂಡು ಹೋಗಿ. ನಮ್ಮಿಬ್ಬರದೂ ಅಭ್ಯಂತರ ಏನಿಲ್ಲ."